ರಾಬರ್ಟ್ ಹೆನ್ರಿ ಎಲಿಯಟ್

ಈ ಲೇಖನವು ಮೈಸೂರಿನ ಕಾಫಿ ಬೆಳೆಗಾರ ಹಾಗೂ ಲೇಖಕರ ಕುರಿತಾದುದು. ಮದರಾಸಿನಲ್ಲಿ ಸೇವೆ ಸಲ್ಲಿಸಿದ, ಗ್ಲಾಕೋಮಾ ಶಸ್ತ್ರಚಿಕಿತ್ಸೆಗೆ ಹೆಸರಾದ ಇದೇ ಹೆಸರಿನ ನೇತ್ರವೈದ್ಯರು ಬೇರೆ ವ್ಯಕ್ತಿ.

ರಾಬರ್ಟ್ ಹೆನ್ರಿ ಎಲಿಯಟ್ (1837–1914) ಮೈಸೂರು ಸಂಸ್ಥಾನದ ಮಂಜರಾಬಾದ್ ತಾಲ್ಲೂಕಿನಲ್ಲಿ (ಇಂದಿನ ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ) ಕಾಫಿ ತೋಟ ಮಾಡಿದ ಸ್ಕಾಟ್ಲೆಂಡ್ ಮೂಲದ ಬೆಳೆಗಾರರು, ಲೇಖಕರು ಮತ್ತು ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಭಾಗವಹಿಸಿದ ಯುರೋಪಿಯನ್ನರಲ್ಲಿ ಒಬ್ಬರು. 1871ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ 'ಎಕ್ಸ್‌ಪೀರಿಯೆನ್ಸಸ್ ಆಫ್ ಎ ಪ್ಲಾಂಟರ್ ಇನ್ ದ ಜಂಗಲ್ಸ್ ಆಫ್ ಮೈಸೂರ್' ಮತ್ತು 1894ರಲ್ಲಿ ಪ್ರಕಟವಾದ 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್' ಇವರ ಮುಖ್ಯ ಕೃತಿಗಳು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಮಲೆನಾಡಿನ ಬೇಸಾಯ, ಕೂಲಿ, ಜಾತಿ, ಆಡಳಿತಗಳನ್ನು ತಿಳಿಯಲು ಈ ಎರಡು ಪುಸ್ತಕಗಳು ಇಂದಿಗೂ ಬಳಕೆಯಲ್ಲಿವೆ. ಸ್ವದೇಶದಲ್ಲಿ ಇವರು ಹೆಸರಾದದ್ದು ಬೇರೆಯೇ ಕಾರಣಕ್ಕೆ. ಹುಲ್ಲುಗಾವಲಿನ ಮೂಲಕ ಮಣ್ಣಿನ ಸತ್ವವನ್ನು ಮರಳಿ ಪಡೆಯುವ 'ಕ್ಲಿಫ್ಟನ್ ಪಾರ್ಕ್ ಪದ್ಧತಿ'ಯ ಪ್ರವರ್ತಕರೆಂದು ಅಲ್ಲಿ ಅವರನ್ನು ನೆನೆಯುತ್ತಾರೆ.

ಹಿನ್ನೆಲೆ

ಮಂಜರಾಬಾದ್ ಎಂಬ ಹೆಸರು ಟಿಪ್ಪು ಸುಲ್ತಾನನು ಸಕಲೇಶಪುರದ ಬಳಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದ ಬಂದುದು. ಅದಕ್ಕೂ ಮೊದಲು ಈ ಸೀಮೆಯನ್ನು ಬಲಂ ಎಂದು ಕರೆಯುತ್ತಿದ್ದರು. ಇಲ್ಲಿನ ಐಗೂರು ಪಾಳೆಯಗಾರ ವೆಂಕಟಾದ್ರಿ ನಾಯಕನು 1802ರಲ್ಲಿ ಬ್ರಿಟಿಷರಿಂದ ಗಲ್ಲಿಗೇರಿಸಲ್ಪಟ್ಟ ಮೇಲೆ ಪ್ರದೇಶವು ಪೂರ್ಣವಾಗಿ ಮೈಸೂರಿನ ಅಧೀನಕ್ಕೆ ಬಂದಿತು. 1831ರಿಂದ 1881ರವರೆಗೆ ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಎಲಿಯಟ್ ಬಂದಾಗ ಕಮಿಷನರ್ ಆಗಿದ್ದವರು ಮಾರ್ಕ್ ಕಬ್ಬನ್.

ಬಾಬಾಬುಡನ್‌ಗಿರಿಯ ಸುತ್ತ ಕಾಫಿ ಬಹುಕಾಲದಿಂದ ಬೆಳೆಯುತ್ತಿದ್ದರೂ ಅದು ಹೆಚ್ಚಾಗಿ ಹಿತ್ತಲ ಬೆಳೆಯಾಗಿಯೇ ಇತ್ತು. ಯುರೋಪಿಯನ್ನರ ದೊಡ್ಡ ತೋಟಗಳು 1840ರ ವೇಳೆಗೆ ಆರಂಭವಾದವು. ಮೊದಲು ಕ್ಯಾನನ್ ಎಂಬವರು ಬಾಬಾಬುಡನ್ ಶ್ರೇಣಿಯ ದಕ್ಷಿಣದಲ್ಲಿ ತೋಟ ಹಾಕಿದರು. 1843ರಲ್ಲಿ ಫ್ರೆಡರಿಕ್ ಗ್ರೀನ್ ದಕ್ಷಿಣ ಮಂಜರಾಬಾದಿನಲ್ಲಿ ತೋಟ ತೆರೆದರು. ಅಂದಿನಿಂದ ಘಟ್ಟದಂಚಿನಿಂದ ಹಿಡಿದು ಪೂರ್ವಕ್ಕೆ ಮಳೆ ಇಳಿಮುಖವಾಗುತ್ತ ಹೋಗುವ ಈಗಿನ ಆಲೂರು ತಾಲ್ಲೂಕಿನ ಕುಂದೂರು, ಪಾಳ್ಯ, ಕೆ. ಹೊಸಕೋಟೆ ಕಡೆಯ ಗುಡ್ಡಗಳವರೆಗೆ ಕಾಫಿ ಕ್ರಮೇಣ ಹಬ್ಬಿತು. ಈ ಸೀಮೆಯಲ್ಲಿ ಕಣಿವೆಯ ತಗ್ಗು ಗದ್ದೆಗೆ, ಇಳಿಜಾರಿನ ಕಾಡು ಕಾಫಿಗೆ, ಬೋಳುಗುಡ್ಡ ದನ ಮೇಯಿಸುವುದಕ್ಕೆ ಎಂಬ ಹಂಚಿಕೆ ಇಂದಿಗೂ ಕಣ್ಣಿಗೆ ಕಾಣುತ್ತದೆ.

ಮಂಜರಾಬಾದಿಗೆ ಆಗಮನ

ಎಲಿಯಟ್ 1855ರಲ್ಲಿ, ಸುಮಾರು ಹದಿನೆಂಟನೆಯ ವಯಸ್ಸಿನಲ್ಲಿ ಭಾರತಕ್ಕೆ ಹೊರಟರು. ಸೈನ್ಯ ಅಥವಾ ಸಿವಿಲ್ ಸೇವೆಯ ಬದಲು ತೋಟಗಾರಿಕೆಯನ್ನು ಆಯ್ದುಕೊಂಡು ಮಂಜರಾಬಾದಿನಲ್ಲಿ ನೆಲೆನಿಂತರು. ಆಗ ಸಂಸ್ಥಾನದಲ್ಲಿದ್ದ ಯುರೋಪಿಯನ್ ಬೆಳೆಗಾರರು ಬೆರಳೆಣಿಕೆಯಷ್ಟು. ಅವರು ಕಟ್ಟಿದ ತೋಟದ ಹೆಸರನ್ನು ಪುಸ್ತಕಗಳಲ್ಲಿ ಬರ್ಚಿನಹಳ್ಳ ಎಂದು ಓದಬಹುದಾದ ರೂಪದಲ್ಲಿ ಬರೆಯಲಾಗಿದೆ.

ಸುತ್ತಮುತ್ತ ಬೇರೆ ಬಿಳಿಯರು ವಿರಳವಾಗಿದ್ದುದರಿಂದ ಅವರ ಒಡನಾಟವೆಲ್ಲ ಊರಿನ ಗೌಡರೊಂದಿಗೆ, ಪಟೇಲರೊಂದಿಗೆ, ಆಳುಗಳೊಂದಿಗೆ ನಡೆಯಿತು. ಅವರ ಮೊದಲ ಪುಸ್ತಕದ ಬೆಲೆ ಇರುವುದು ಇಲ್ಲಿಯೇ. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ಕುಳಿತು ಕಂಡ ಮೈಸೂರಲ್ಲ ಅದು. ಮಳೆಗಾಲದಲ್ಲಿ ದಾರಿ ಮುಚ್ಚಿಹೋಗುವ ಹಳ್ಳಿಯಿಂದ ಕಂಡ ಮೈಸೂರು. ಮಲೆನಾಡಿನ ಒಕ್ಕಲಿಗರ ಸ್ವಾಭಿಮಾನ, ಬೇಟೆಯ ಉತ್ಸಾಹ, ಮಾತುಕತೆಯ ರೀತಿಗಳನ್ನು ಅವರು ಮೆಚ್ಚುಗೆಯಿಂದ ವರ್ಣಿಸಿದ್ದಾರೆ. ಹುಲಿ, ಕರಡಿ, ಕಾಟಿಗಳ ಬೇಟೆಗೆ ಮೀಸಲಾದ ಪುಟಗಳೂ ಬಹಳ. ಇಂದಿನ ಓದುಗರಿಗೆ ಅವು ಹಿತವೆನಿಸದಿರಬಹುದು, ಆದರೆ ಘಟ್ಟದ ಕಾಡಿನಲ್ಲಿ ಆಗ ಎಷ್ಟು ಪ್ರಾಣಿಗಳಿದ್ದವು ಎಂಬುದಕ್ಕೆ ಅವೇ ಸಾಕ್ಷಿ.

ಕಾಫಿ ಬೇಸಾಯ

ಆರಂಭದ ಬೆಳೆಗಾರರು ಮಾಡಿದ ದೊಡ್ಡ ತಪ್ಪು ನೆರಳಿನ ಬಗ್ಗೆ. ಸಿಂಹಳದ ಪದ್ಧತಿಯನ್ನು ನೋಡಿ ಕಾಡನ್ನು ಸಂಪೂರ್ಣ ಕಡಿದು, ಸುಟ್ಟು, ಬಿಸಿಲಿನಲ್ಲಿಯೇ ಗಿಡ ನೆಟ್ಟ ತೋಟಗಳು ಮೈಸೂರಿನಲ್ಲಿಯೂ ಇದ್ದವು. ಮೊದಲ ಕೆಲವು ವರ್ಷ ಫಸಲು ಚೆನ್ನಾಗಿ ಬರುತ್ತಿತ್ತು. ಆದರೆ ಸಿಂಹಳಕ್ಕಿಲ್ಲದ ದೀರ್ಘ ಬೇಸಿಗೆ ಇಲ್ಲಿ ಉಂಟು. ಡಿಸೆಂಬರಿನಿಂದ ಮಾರ್ಚ್, ಏಪ್ರಿಲ್‌ನ ಹೂಮಳೆಯವರೆಗೆ ನೆಲ ಒಣಗಿಯೇ ಇರುತ್ತದೆ. ಬಿಸಿಲಿಗೆ ಬಿದ್ದ ಗಿಡದ ಕಾಂಡವು ಬಿಳಿ ಕಾಂಡಕೊರಕಕ್ಕೆ ಪ್ರಶಸ್ತ ಜಾಗ. ಈ ದುಂಬಿಯು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ, ಹೊರಗೆ ತಿಳಿಯುವ ಹೊತ್ತಿಗೆ ಗಿಡ ಹಳದಿಗಟ್ಟಿರುತ್ತದೆ. 1866ರಿಂದ 1868ರವರೆಗಿನ ಹಾವಳಿಯಲ್ಲಿ ಮೈಸೂರಿನ ಅನೇಕ ತೋಟಗಳು ನಾಶವಾದವು. ನೆರಳಿಲ್ಲದ ಜಾಗದಲ್ಲಿ ಹಾನಿ ಹೆಚ್ಚು, ಮರದಡಿಯಲ್ಲಿ ಕಡಿಮೆ ಎಂಬುದು ಆಗ ಎಲ್ಲರಿಗೂ ಎದ್ದು ಕಂಡಿತು.

ಎಲಿಯಟ್ ಈ ಪಾಠವನ್ನು ಮತ್ತೆ ಮತ್ತೆ ಬರೆದರು. 1894ರ ಪುಸ್ತಕದಲ್ಲಿ ನೆರಳಿಗೆಂದೇ ವಿಸ್ತಾರವಾದ ಚರ್ಚೆಯಿದೆ. ಎಲ್ಲ ಮರದ ನೆರಳೂ ಒಂದೇ ಅಲ್ಲ ಎಂಬುದು ಅವರ ಮುಖ್ಯ ವಾದ. ಬಸರಿ, ಗೋಣಿ, ಅತ್ತಿ ಮುಂತಾದ ಆಲದ ಕುಲದ ಮರಗಳನ್ನು ಅವರು ಒಳ್ಳೆಯ ನೆರಳೆಂದು ಗುರುತಿಸುತ್ತಾರೆ. ಕೆಲವು ಮರಗಳು ತಾವೇ ನೆಲದ ಸಾರ ಹೀರಿ ಕಾಫಿಯನ್ನು ಸೊರಗಿಸುತ್ತವೆ ಎಂದು ಎಚ್ಚರಿಸುತ್ತಾರೆ. ಮರಗಳಿಗೆ ಅವರು ಕೊಡುವುದು ಸ್ಥಳೀಯ ಕನ್ನಡ ಹೆಸರುಗಳನ್ನೇ, ಇಂಗ್ಲಿಷ್ ಕಾಗುಣಿತದಲ್ಲಿ ಸ್ವಲ್ಪ ತಿರುಚಿಕೊಂಡಿದ್ದರೂ. ಯಾವ ಮರ ಒಳ್ಳೆಯದು ಎಂಬ ಜ್ಞಾನ ಅವರಿಗೆ ಎಲ್ಲಿಂದ ಬಂತು ಎಂಬುದನ್ನು ಆ ಹೆಸರುಗಳೇ ಹೇಳುತ್ತವೆ. ಮಳೆಗಾಲಕ್ಕೆ ಮುನ್ನ ಮರಗಸಿ ಮಾಡಿ ಬೆಳಕು ಬಿಡುವುದು, ಬೇಸಿಗೆಗೆ ನೆರಳು ಉಳಿಸಿಕೊಳ್ಳುವುದು ಇಂದಿಗೂ ಸಕಲೇಶಪುರ, ಮೂಡಿಗೆರೆಗಳ ತೋಟಗಳಲ್ಲಿ ವರ್ಷದ ಕೆಲಸ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕುರೋಗವು ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಕಾಫಿಯನ್ನೇ ಅಳಿಸಿ ಚಹಾಕ್ಕೆ ದಾರಿಮಾಡಿತು. ಮೈಸೂರಿಗೂ ಅದು ಬಂದಿತು, ಆದರೆ ಇಲ್ಲಿ ಕಾಫಿ ಉಳಿಯಿತು. ನೆರಳಿನ ಪದ್ಧತಿಗೆ ಅದರಲ್ಲಿ ಪಾಲಿದೆ.

ತಳಿಯ ವಿಷಯದಲ್ಲಿಯೂ ಎಲಿಯಟ್ ಹೆಸರು ಬರುತ್ತದೆ. ಮೈಸೂರಿನಲ್ಲಿ ಮೊದಲಿನಿಂದ ಇದ್ದ 'ಚಿಕ್' ತಳಿಯು 1860ರ ದಶಕದ ಕೊನೆಗೆ ಕ್ಷೀಣಿಸಿತ್ತು. ಕೊರಕದ ಹಾವಳಿಯಿಂದ ಖಾಲಿಯಾದ ಜಾಗಗಳಲ್ಲಿ ಅದೇ ಬೀಜ ಹಾಕಿದರೆ ಗಿಡ ಏಳುತ್ತಿರಲಿಲ್ಲ. ಸ್ಟ್ಯಾನ್ಲಿ ಜಪ್ ಎಂಬ ಬೆಳೆಗಾರರು ಕೊಡಗಿನಲ್ಲಿ ಬೆಳೆದ ಕಾಫಿಯ ಹುಲುಸನ್ನು ಕಂಡು, ಅದರ ಬೀಜವನ್ನು ಮೈಸೂರಿನಲ್ಲಿ ಪ್ರಯೋಗಿಸುವಂತೆ ಎಲಿಯಟ್ ಮತ್ತು ಬ್ರೂಕ್ ಮಾಕೆಟ್ ಅವರಿಗೆ ಸೂಚಿಸಿದರು. 1870ರ ಸುಮಾರಿಗೆ ನಡೆದ ಈ ಪ್ರಯೋಗ ಫಲಿಸಿತು. ಕೈಬಿಟ್ಟಿದ್ದ ತೋಟಗಳು ಮತ್ತೆ ಎದ್ದವು, 'ಕೂರ್ಗ್' ತಳಿಯು ಕೆಲವೇ ವರ್ಷಗಳಲ್ಲಿ ಮೈಸೂರಿನಾದ್ಯಂತ ಹರಡಿತು. ಆರಂಭದಲ್ಲಿ ಕೂರ್ಗ್ ಬೀಜದ ಕಾಫಿಗೆ ಹಳೆಯ ಚಿಕ್ ಕಾಫಿಯಷ್ಟು ಬೆಲೆ ಸಿಗಲಿಲ್ಲ. ಗಿಡ ಬಲಿತಂತೆ ಆ ವ್ಯತ್ಯಾಸ ಕಡಿಮೆಯಾಯಿತು.

ಗೊಬ್ಬರದ ಬಗ್ಗೆ ಅವರ ಬರಹ ಇಂದಿನ ಸಾವಯವ ಕೃಷಿಕರ ಮಾತಿನಂತೆ ಕೇಳಿಸುತ್ತದೆ. ಮೂಳೆಪುಡಿ, ಹಿಂಡಿ, ಕೊಟ್ಟಿಗೆ ಗೊಬ್ಬರಗಳ ಜೊತೆಗೆ ಕಾಡಿನ ಮೇಲ್ಮಣ್ಣನ್ನು ತಂದು ಗಿಡದ ಬುಡಕ್ಕೆ ಹಾಕುವುದನ್ನು ಅವರು ಬಹಳವಾಗಿ ನೆಚ್ಚಿದ್ದರು. ಕಾಡಿನಿಂದ ಮಣ್ಣು ತೆಗೆದರೆ ಕಾಡಿಗೇನಾಗುತ್ತದೆ ಎಂಬ ಪ್ರಶ್ನೆ ಆ ಕಾಲಕ್ಕೆ ಏಳಲಿಲ್ಲ.

ಕೂಲಿಗಳು ಮತ್ತು ಜಾತಿ

ಬೆಳೆಗಾರ ರಾಜಕಾರಣಿ ಎಂದೊಡನೆ ಅದೇ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ತೋಟಗಳ ಯಜಮಾನರು ನೆನಪಾಗುತ್ತಾರೆ. ಅವರ ಸಂಪತ್ತು 1865ರವರೆಗೆ ಗುಲಾಮರ ದುಡಿಮೆಯ ಮೇಲೆ ನಿಂತಿತ್ತು. ಮೈಸೂರಿನ ಪರಿಸ್ಥಿತಿ ಹಾಗಿರಲಿಲ್ಲ, ಆದರೆ ಮುಕ್ತ ಕೂಲಿ ಎಂದು ಸಲೀಸಾಗಿ ಹೇಳುವಂತೆಯೂ ಇರಲಿಲ್ಲ. ಮಲೆನಾಡಿನಲ್ಲಿ ಜಮೀನಿಗೆ ಅಂಟಿಕೊಂಡ ವಂಶಪಾರಂಪರ್ಯ ಆಳುಗಳ ಪದ್ಧತಿ ಯುರೋಪಿಯನ್ನರು ಬರುವ ಮೊದಲೇ ಇತ್ತು. ಗೌಡರ ಗದ್ದೆಗಳಲ್ಲಿ ದುಡಿಯುತ್ತಿದ್ದ ಅಸ್ಪೃಶ್ಯ ಜಾತಿಗಳ ಕುಟುಂಬಗಳಿಗೆ ಸಿಗುತ್ತಿದ್ದುದು ಹೆಚ್ಚಾಗಿ ಭತ್ತ, ಕಂಬಳಿ, ಮದುವೆಯ ಸಾಲ. ಕಾಫಿ ತೋಟ ಬಂದ ಮೇಲೆ ನಗದು ಕೂಲಿ ಬಂದಿತು. ತೋಟದ ಬಂಡವಾಳದಿಂದ ಕೂಲಿಯ ದರ ಏರಿ ಬಡವರ ಸ್ಥಿತಿ ಸುಧಾರಿಸಿತು ಎಂಬುದು ಎಲಿಯಟ್ ಅವರ ದೃಢ ವಾದ, ಮತ್ತು ಅದರಲ್ಲಿ ಸತ್ಯಾಂಶವಿದೆ. ಹಳೆಯ ಒಡೆಯನನ್ನು ಬಿಟ್ಟು ಹೋಗಲು ಇನ್ನೊಂದು ಬಾಗಿಲು ತೆರೆದಿತ್ತು.

ಆ ಬಾಗಿಲಿಗೂ ಅಗುಳಿಯಿತ್ತು. ತೋಟದ ಕೂಲಿಗಳು ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಹಾಗೂ ಬಯಲುಸೀಮೆಯಿಂದ ಮೇಸ್ತ್ರಿಗಳ ಮೂಲಕ ಬರುತ್ತಿದ್ದರು. ಮೇಸ್ತ್ರಿಯು ಮಾಲೀಕನಿಂದ ಮುಂಗಡ ಪಡೆದು ಆಳುಗಳಿಗೆ ಹಂಚುತ್ತಿದ್ದ. ಮುಂಗಡ ತೀರುವವರೆಗೆ ಆಳು ತೋಟ ಬಿಡುವಂತಿರಲಿಲ್ಲ. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಶಿಕ್ಷಿಸಲು 1859ರ 13ನೆಯ ಕಾಯಿದೆ ಅವಕಾಶ ಕೊಟ್ಟಿತ್ತು, ಅದರಡಿ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. ಮೈಸೂರು, ಕೊಡಗುಗಳ ಕಾಫಿ ಪ್ರದೇಶದಲ್ಲಿ ಬೆಳೆಗಾರರು ಇದನ್ನು ಬಳಸಿಕೊಂಡರು. ಸಾಲ ಮಾಡಿದ ಮಾಲೀಕನ ಮೇಲೆ ಸಿವಿಲ್ ದಾವೆ, ಸಾಲ ಪಡೆದ ಕೂಲಿಯ ಮೇಲೆ ಕ್ರಿಮಿನಲ್ ಮೊಕದ್ದಮೆ. ಮುಂಗಡ ಕೊಟ್ಟು ಹಣ ಕಳೆದುಕೊಂಡ ಮಾಲೀಕರ ಗೋಳು ಆ ಕಾಲದ ಬೆಳೆಗಾರರ ಬರಹಗಳಲ್ಲಿ ಧಾರಾಳವಾಗಿದೆ. ಕೂಲಿಯ ಕಡೆಯ ಮಾತು ಎಲ್ಲಿಯೂ ಅಚ್ಚಾಗಿಲ್ಲ.

ಎಲಿಯಟ್ ಅವರ ಅತ್ಯಂತ ವಿವಾದಾಸ್ಪದ ಬರಹ ಜಾತಿಯ ಕುರಿತಾದುದು. 1871ರ ಮತ್ತು 1894ರ ಎರಡೂ ಪುಸ್ತಕಗಳಲ್ಲಿ ಅವರು ಜಾತಿ ಪದ್ಧತಿಯನ್ನು ಸಮರ್ಥಿಸಿದರು. ಜಾತಿಯು ಗ್ರಾಮೀಣ ಜನರಲ್ಲಿ ಕುಡಿತವನ್ನೂ ಸಡಿಲ ನಡತೆಯನ್ನೂ ತಡೆಯುವ ಸಾಮಾಜಿಕ ಕಟ್ಟು ಎಂದು ಅವರು ಭಾವಿಸಿದರು. ಮತಾಂತರಗೊಂಡವರು ಜಾತಿಯನ್ನು ಪೂರ್ತಿ ಬಿಡಲೇಬೇಕೆಂದು ಒತ್ತಾಯಿಸುವ ಮಿಷನರಿಗಳ ನಿಲುವನ್ನು ಅವರು ತೀವ್ರವಾಗಿ ಟೀಕಿಸಿದರು. ಹೊರಗಿನವರು ಬಂದು ಒಂದು ಸಮಾಜದ ಕಟ್ಟನ್ನು ಬಿಚ್ಚಿದರೆ ಅದರ ಜಾಗದಲ್ಲಿ ಏನನ್ನು ಕೊಡುತ್ತಾರೆ ಎಂಬ ಅವರ ಪ್ರಶ್ನೆ ಹಗುರವಾದುದಲ್ಲ. ಆದರೆ ಅವರ ವಾದ ನಿಂತಿರುವುದು ಒಕ್ಕಲಿಗ ಗೌಡರ ಅಂಗಳದಲ್ಲಿ. ಅದೇ ಕಟ್ಟಿನಿಂದ ಬಾವಿಗೂ ಗುಡಿಗೂ ದೂರವಿರಿಸಲ್ಪಟ್ಟವರು ಅವರ ತೋಟದ ಲೈನುಗಳಲ್ಲಿಯೇ ಇದ್ದರು, ಅವರ ದೃಷ್ಟಿಯಿಂದ ಆ ಪ್ರಶ್ನೆಯನ್ನು ಕೇಳಿದಂತೆ ಕಾಣುವುದಿಲ್ಲ. ಸ್ಥಿರವಾದ ಜಾತಿ ವ್ಯವಸ್ಥೆಯಿಂದ ತೋಟದ ಮಾಲೀಕನಿಗೆ ಅನುಕೂಲವೇ ಇತ್ತು ಎಂಬುದನ್ನೂ ಇಲ್ಲಿ ಗಮನಿಸಬೇಕು.

ಪ್ರಜಾಪ್ರತಿನಿಧಿ ಸಭೆ

1881ರ ಮಾರ್ಚ್ 25ರಂದು ಆಡಳಿತವು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಬ್ರಿಟಿಷ್ ಅಧಿಕಾರಿಗಳ ಬದಲು ದೇಶೀ ದಿವಾನರ ಆಡಳಿತದಲ್ಲಿ ತಮ್ಮ ಜಮೀನಿನ ಹಕ್ಕು ಭದ್ರವೇ ಎಂಬ ಅನುಮಾನ ಯುರೋಪಿಯನ್ ಬೆಳೆಗಾರರಿಗೆ ಸಹಜವಾಗಿಯೇ ಇತ್ತು. ಅದೇ ವರ್ಷದ ಅಕ್ಟೋಬರ್ 7ರಂದು ದಿವಾನ್ ಸಿ. ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆಗೆ 144 ಮಂದಿ ಬಂದಿದ್ದರು. ಸಭೆ ಪ್ರತಿವರ್ಷ ದಸರಾ ಸಮಯದಲ್ಲಿ ಸೇರುತ್ತಿತ್ತು. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು, ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಅಹವಾಲುಗಳನ್ನು ಮುಂದಿಡುತ್ತಿದ್ದರು. ಕಾನೂನು ಮಾಡುವ, ಬಜೆಟ್ ತಡೆಯುವ ಅಧಿಕಾರ ಅದಕ್ಕಿರಲಿಲ್ಲ. 1883ರಲ್ಲಿ ರಂಗಾಚಾರ್ಲು ತೀರಿಕೊಂಡ ಮೇಲೆ ಕೆ. ಶೇಷಾದ್ರಿ ಅಯ್ಯರ್ 1901ರವರೆಗೆ ದಿವಾನರಾಗಿದ್ದರು. ಅವರ ಕಾಲದಲ್ಲಿ, 1891ರ ಹೊತ್ತಿಗೆ, ಆಸ್ತಿ ಮತ್ತು ವಿದ್ಯೆಯ ಅರ್ಹತೆಯ ಮೇಲೆ ಸದಸ್ಯರನ್ನು ಚುನಾಯಿಸುವ ಕ್ರಮ ಬಂದಿತು.

ಎಲಿಯಟ್ 1890ರ ದಶಕದ ಆರಂಭದಲ್ಲಿ ಬೆಳೆಗಾರರ ಪರವಾಗಿ ಈ ಸಭೆಯಲ್ಲಿ ಭಾಗವಹಿಸಿದರು, 1894ರ ಪುಸ್ತಕದ ಒಂದು ಅಧ್ಯಾಯವನ್ನೇ ಅದಕ್ಕೆ ಮೀಸಲಿಟ್ಟರು. ಸಭೆಯ ಬಗ್ಗೆ ಅವರ ಅಭಿಪ್ರಾಯ ಒಳ್ಳೆಯದು. ಅದೇ ಪುಸ್ತಕದಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಮೇಲೆ ಬರೆದ ಅಧ್ಯಾಯದಲ್ಲಿ ಕಟುವಾದ ಟೀಕೆಯಿದೆ. ಮೈಸೂರಿನ ಸಭೆಗೆ ಬರುವವರು ಜಮೀನು, ರಸ್ತೆ, ಅರಣ್ಯ ಕಾನೂನುಗಳ ತೊಡಕನ್ನು ಸ್ವತಃ ಅನುಭವಿಸಿದವರು, ಕಾಂಗ್ರೆಸ್ಸಿನವರು ಪಟ್ಟಣದ ವಕೀಲರು ಎಂಬುದು ಅವರ ವಾದದ ತಿರುಳು. ಸಂಸ್ಥಾನದ ಆಡಳಿತವನ್ನು ಹೊಗಳುವುದಕ್ಕೂ ಬ್ರಿಟಿಷ್ ಇಂಡಿಯಾದಲ್ಲಿ ಪ್ರಾತಿನಿಧ್ಯ ಕೇಳುವವರನ್ನು ತೆಗಳುವುದಕ್ಕೂ ಒಂದೇ ಲೇಖನಿ ಬಳಕೆಯಾದದ್ದು ವಿಚಿತ್ರವಾಗಿ ಕಂಡರೂ, ಆ ಕಾಲದ ಯುರೋಪಿಯನ್ ಬೆಳೆಗಾರರಲ್ಲಿ ಅಪರೂಪವಲ್ಲ. ಅವರಿಗೆ ಬೇಕಾಗಿದ್ದುದು ಅಹವಾಲು ಕೇಳುವ ಸರ್ಕಾರ, ಅಹವಾಲು ಹೇಳುವವರಿಗೆ ಉತ್ತರದಾಯಿಯಾದ ಸರ್ಕಾರವಲ್ಲ.

ಈ ಸಭೆಯಲ್ಲಿ ಮಂಜರಾಬಾದಿನ ಕಾಫಿ ತೋಟದ ಮಾಲೀಕನಿಗೆ ಸ್ಥಾನವಿತ್ತು, ಕಂದಾಯ ಕಟ್ಟುವ ಗೌಡನಿಗೂ ಇತ್ತು. ತೋಟದಲ್ಲಿ ಹಣ್ಣು ಕೊಯ್ಯುವವರಿಗೆ ಇರಲಿಲ್ಲ. ಮತದ ಅರ್ಹತೆ ಕಂದಾಯದ ಮೇಲೆ ನಿಂತಿದ್ದುದರಿಂದ ಜಮೀನಿಲ್ಲದವರು ತಾನಾಗಿಯೇ ಹೊರಗುಳಿದರು. ಸಭೆಗೆ ಶಾಸನಬದ್ಧ ಸ್ಥಾನ ದೊರೆತದ್ದು 1923ರಲ್ಲಿ. ಸಾರ್ವತ್ರಿಕ ಮತದಾನ ಬಂದದ್ದು ಸ್ವಾತಂತ್ರ್ಯಾನಂತರ.

ಬೆಳ್ಳಿಯ ಪ್ರಶ್ನೆ

1893ರ ಜೂನ್‌ನಲ್ಲಿ ಭಾರತ ಸರ್ಕಾರವು ಟಂಕಸಾಲೆಗಳನ್ನು ಖಾಸಗಿಯವರ ಬೆಳ್ಳಿಗೆ ಮುಚ್ಚಿತು. ಇದು ಕಾಫಿ ಬೆಳೆಗಾರರಿಗೆ ನೇರವಾಗಿ ತಟ್ಟಿದ ಸಂಗತಿ. ಕಾಫಿ ಲಂಡನ್ನಿನಲ್ಲಿ ಪೌಂಡಿಗೆ ಮಾರಾಟವಾಗುತ್ತಿತ್ತು, ಆಳುಗಳ ಸಂಬಳ ರೂಪಾಯಿಯಲ್ಲಿ. ಬೆಳ್ಳಿಯ ಬೆಲೆ ಕುಸಿದು ರೂಪಾಯಿ ಅಗ್ಗವಾದಷ್ಟೂ ಒಂದು ಪೌಂಡಿಗೆ ಹೆಚ್ಚು ರೂಪಾಯಿ ಸಿಗುತ್ತಿದ್ದುದರಿಂದ ರಫ್ತುದಾರರಿಗೆ ಲಾಭವಾಗುತ್ತಿತ್ತು. ಟಂಕಸಾಲೆ ಮುಚ್ಚಿ ರೂಪಾಯಿಯ ಬೆಲೆಯನ್ನು ಎತ್ತಿ ಹಿಡಿದಾಗ, ಇಂಗ್ಲೆಂಡಿಗೆ ಹಣ ಕಳಿಸುವ ಅಧಿಕಾರಿಗಳಿಗೆ ಅನುಕೂಲ, ಬೆಳೆಗಾರನಿಗೆ ನಷ್ಟ. ಎಲಿಯಟ್ ಈ ಕ್ರಮವನ್ನು ಬಲವಾಗಿ ವಿರೋಧಿಸಿದರು. ಇದು ರೈತನ ಮೇಲಿನ ಗುಪ್ತ ತೆರಿಗೆ ಎಂಬಂತಹ ಅವರ ವಾದವನ್ನು ಸ್ವಾರ್ಥವೆಂದು ತಳ್ಳಿಹಾಕಲಾಗದು. ಕಂದಾಯವನ್ನು ರೂಪಾಯಿಯಲ್ಲಿ ಕಟ್ಟಬೇಕಾದ, ಬೆಳೆಯನ್ನು ರಫ್ತಿಗೆ ಮಾರುವ ಭಾರತೀಯ ರೈತನಿಗೂ ಅದೇ ಲೆಕ್ಕ ಅನ್ವಯಿಸುತ್ತಿತ್ತು. ಅದೇ ವರ್ಷ ದಕ್ಷಿಣ ಭಾರತದ ಬೆಳೆಗಾರರ ಸಂಘಗಳು ಒಂದುಗೂಡಿ ಉಪಾಸಿ ಎಂಬ ಒಕ್ಕೂಟವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದವು.

ಇತರ ಕೃತಿಗಳು

'ಕನ್ಸರ್ನಿಂಗ್ ಜಾನ್ಸ್ ಇಂಡಿಯನ್ ಅಫೇರ್ಸ್' (1872) ಭಾರತದ ಆಡಳಿತದ ವಿಮರ್ಶೆ. 'ರಿಟನ್ ಆನ್ ದೇರ್ ಫೋರ್‌ಹೆಡ್ಸ್' (1879) ಎಂಬ ಕಾದಂಬರಿಯ ಶೀರ್ಷಿಕೆಯು ಹಣೆಬರಹ ಎಂಬ ನಮ್ಮ ಮಾತಿನ ಅನುವಾದವೇ ಆಗಿದೆ. 1894ರ ಪುಸ್ತಕದಲ್ಲಿ ಕೋಲಾರದ ಚಿನ್ನದ ಗಣಿ, ಕೊಡಗಿನ ಕಾಫಿ, ಬೇಟೆ ಎಲ್ಲವೂ ಒಂದೆಡೆ ಸೇರಿರುವುದರಿಂದ ಅದು ಸ್ವಲ್ಪ ಚದುರಿದಂತಿದೆ. ಕಾಫಿಯ ಅಧ್ಯಾಯಗಳೇ ಅದರ ಗಟ್ಟಿ ಭಾಗ. ಅದರ ಪೂರ್ಣಪಾಠ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಕ್ಲಿಫ್ಟನ್ ಪಾರ್ಕ್

ಎಲಿಯಟ್ ಅವರ ಸ್ಕಾಟ್ಲೆಂಡಿನ ಆಸ್ತಿಯು ರಾಕ್ಸ್‌ಬರ್ಗ್‌ಶೈರಿನ ಕೆಲ್ಸೊ ಬಳಿಯ ಕ್ಲಿಫ್ಟನ್ ಪಾರ್ಕ್. ಧಾನ್ಯದ ಬೆಲೆ ಕುಸಿದು ಬ್ರಿಟನ್ನಿನ ರೈತರು ಕಂಗೆಟ್ಟಿದ್ದ ಆ ದಿನಗಳಲ್ಲಿ ಅವರು ಅಲ್ಲಿ ದೀರ್ಘಕಾಲ ಪ್ರಯೋಗ ನಡೆಸಿದರು. ಚಿಕೋರಿ, ಬರ್ನೆಟ್, ಯಾರೋ, ಕಿಡ್ನಿ ವೆಚ್ ಮುಂತಾದ ಆಳಬೇರಿನ ಗಿಡಗಳನ್ನು ಹುಲ್ಲಿನೊಂದಿಗೆ ಬೆರೆಸಿ ಬಿತ್ತಿ, ಕೆಲವು ವರ್ಷ ದನಕುರಿಗಳನ್ನು ಮೇಯಿಸಿ, ಅನಂತರ ಅದನ್ನು ಉತ್ತು ಬೆಳೆ ತೆಗೆಯುವುದು ಈ ಪದ್ಧತಿ. ಆಳಕ್ಕಿಳಿದ ಬೇರುಗಳು ಗಟ್ಟಿ ನೆಲವನ್ನು ಸಡಿಲಗೊಳಿಸುತ್ತವೆ, ಕೊಳೆತು ಕಳಿತ ಮಣ್ಣನ್ನು ಹೆಚ್ಚಿಸುತ್ತವೆ. ಹೀಗಾದಾಗ ಕೊಂಡು ತರುವ ರಾಸಾಯನಿಕ ಗೊಬ್ಬರದ ಅವಶ್ಯಕತೆ ಕಡಿಮೆ. 1898ರಲ್ಲಿ 'ಅಗ್ರಿಕಲ್ಚರಲ್ ಚೇಂಜಸ್' ಎಂದು ಪ್ರಕಟವಾದ ಪುಸ್ತಕ ಮುಂದಿನ ಮುದ್ರಣಗಳಲ್ಲಿ 'ದ ಕ್ಲಿಫ್ಟನ್ ಪಾರ್ಕ್ ಸಿಸ್ಟಮ್ ಆಫ್ ಫಾರ್ಮಿಂಗ್' ಎಂಬ ಹೆಸರು ಪಡೆಯಿತು. ಎರಡನೆಯ ಮಹಾಯುದ್ಧದ ಆಹಾರದ ಕೊರತೆಯ ನಡುವೆ, 1943ರಲ್ಲಿ, ಹುಲ್ಲುಗಾವಲು ತಜ್ಞ ಜಾರ್ಜ್ ಸ್ಟೇಪಲ್‌ಡನ್ ಅವರ ಪೀಠಿಕೆಯೊಂದಿಗೆ ಅದು ಮರುಮುದ್ರಣಗೊಂಡಿತು. ಸಾವಯವ ಕೃಷಿಯ ಆದ್ಯರಲ್ಲಿ ಒಬ್ಬರಾದ ಆಲ್ಬರ್ಟ್ ಹೋವರ್ಡ್ ಕೂಡ ಇದನ್ನು ಮೆಚ್ಚಿದ್ದರು.

ಮಂಜರಾಬಾದಿನ ಕಾಡುಮಣ್ಣಿನ ಅನುಭವಕ್ಕೂ ಕ್ಲಿಫ್ಟನ್ ಪಾರ್ಕಿನ ಪ್ರಯೋಗಕ್ಕೂ ಸಂಬಂಧ ಕಲ್ಪಿಸುವುದು ಸುಲಭ. ಎರಡೂ ಕಡೆ ಅವರು ಹಿಡಿದದ್ದು ಒಂದೇ ಎಳೆ: ಬಿದ್ದ ಎಲೆ, ಕೊಳೆತ ಬೇರುಗಳಿಂದ ಆಗುವ ಮಣ್ಣು ನೆಲದ ಬಂಡವಾಳ. ಅದನ್ನು ಕಳೆದುಕೊಂಡ ತೋಟ ಏನಾಗುತ್ತದೆ ಎಂಬುದನ್ನು 1860ರ ದಶಕದಲ್ಲಿ ಅವರು ಕಣ್ಣಾರೆ ಕಂಡಿದ್ದರು.

ಎಲಿಯಟ್ 1914ರಲ್ಲಿ ನಿಧನರಾದರು. ಮಂಜರಾಬಾದ್ ತಾಲ್ಲೂಕು ಈಗ ಸಕಲೇಶಪುರ ತಾಲ್ಲೂಕೆಂಬ ಹೆಸರಿನಲ್ಲಿದೆ. ಯುರೋಪಿಯನ್ನರು ತೆರೆದ ತೋಟಗಳು ಇಪ್ಪತ್ತನೆಯ ಶತಮಾನದಲ್ಲಿ, ಬಹುಪಾಲು ಸ್ವಾತಂತ್ರ್ಯದ ಆಸುಪಾಸಿನಲ್ಲಿ, ಭಾರತೀಯ ಮಾಲೀಕರ ಕೈಗೆ ಬಂದವು.